ಔಟ್‌ಬೋರ್ಡ್ ಎಂಜಿನ್ನಿನ ಟ್ರಿಮ್ ಮತ್ತು ಟಿಲ್ಟ್: ಪಿನ್ನಿನಿಂದ ಪಂಪಿನವರೆಗೆ

ನಾಡದೋಣಿಯಾಗಲಿ, ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಸ್ಪೀಡ್ ಬೋಟಾಗಲಿ, ನಮ್ಮ ಕರಾವಳಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಕಾಣುವುದು ಹೆಚ್ಚಾಗಿ ಎರಡೇ ಭಂಗಿಯಲ್ಲಿ. ಓಡುವಾಗ ಪೂರ್ತಿ ಕೆಳಗೆ, ದಕ್ಕೆಗೆ ಬಂದ ಮೇಲೆ ಪೂರ್ತಿ ಮೇಲೆ. ನಡುವಿನ ಹದಿನೈದಿಪ್ಪತ್ತು ಡಿಗ್ರಿಯ ಗೊಡವೆಗೆ ಹೋಗುವವರು ಕಡಿಮೆ. ಎಣ್ಣೆ ಉಳಿಯುವುದು, ಸ್ಟಿಯರಿಂಗ್ ಹಗುರಾಗುವುದು, ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ಹೇಳಿದ ಮಾತು ಕೇಳುವುದು ಎಲ್ಲವೂ ಆ ನಡುವಿನ ಜಾಗದಲ್ಲೇ.

ಎಂಜಿನ್ ದೋಣಿಯ ಹಿಂಬದಿ ಹಲಗೆಗೆ ಕ್ಲ್ಯಾಂಪ್ ಬ್ರಾಕೆಟ್‌ನಿಂದ ಕಚ್ಚಿಕೊಂಡಿರುತ್ತದೆ. ಬ್ರಾಕೆಟ್ಟಿನ ಮೇಲ್ತುದಿಯಲ್ಲಿ ಅಡ್ಡಕ್ಕೆ ಒಂದು ಕೊಳವೆ ಉಂಟು, ಅದೇ ಬಿಜಾಗರಿ. ಪವರ್ ಟಿಲ್ಟ್ (ಗುಂಡಿ ಒತ್ತಿದರೆ ಪಂಪು ಎತ್ತಿಳಿಸುವ ವ್ಯವಸ್ಥೆ) ಇರುವ ದೊಡ್ಡ ಎಂಜಿನ್ ಈ ಬಿಜಾಗರಿಯ ಮೇಲೆ ಒಟ್ಟು ಸುಮಾರು 70 ಡಿಗ್ರಿ ಏಳುತ್ತದೆ. ಅದರಲ್ಲಿ ಕೆಳಗಿನ ಸುಮಾರು 20 ಡಿಗ್ರಿ ಟ್ರಿಮ್, ಅಂದರೆ ದೋಣಿ ವೇಗದಲ್ಲಿ ಓಡುತ್ತಿರುವಾಗಲೇ ಬದಲಿಸಬಹುದಾದ ಕೋನ. ಅದರ ಮೇಲಿನದ್ದು ಟಿಲ್ಟ್. ಅದು ಎಂಜಿನನ್ನು ನೀರಿನಿಂದ ಎತ್ತಲಿಕ್ಕೆ ಮಾತ್ರ. ಗುಂಡಿ ಒಂದೇ ಆದ್ದರಿಂದ ಎರಡೂ ಒಂದೇ ಕೆಲಸ ಎಂದು ತಿಳಿದುಬಿಡುತ್ತಾರೆ.

ಎಂಜಿನ್ನಿನ ಕಾಲು (ನೀರಿಗಿಳಿಯುವ ಕೆಳಭಾಗ) ಹಿಂಬದಿ ಹಲಗೆಯ ಕಡೆಗೆ ಒಳಸೇರಿದರೆ ಫ್ಯಾನ್ (ಪ್ರೊಪೆಲ್ಲರ್) ನೀರನ್ನು ಸ್ವಲ್ಪ ಕೆಳಮುಖವಾಗಿ ತಳ್ಳುತ್ತದೆ. ದೋಣಿಯ ಹಿಂಭಾಗ ಏಳುತ್ತದೆ, ಮೂತಿ ತಗ್ಗುತ್ತದೆ. ಕಾಲು ಹೊರಚಾಚಿದರೆ ನೀರು ಮೇಲ್ಮುಖವಾಗಿ ಹೋಗುತ್ತದೆ, ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ. ಟ್ರಿಮ್‌ನ ಲೆಕ್ಕ ಪೂರ್ತಿ ಇಷ್ಟೇ.

ಪಿನ್ ಇರುವ ಎಂಜಿನ್

ಮೀನುಗಾರಿಕೆಯ 9.9 ಎಚ್‌ಪಿ ಸೀಮೆಎಣ್ಣೆ ಎಂಜಿನ್‌ಗಳಲ್ಲಿ ಗುಂಡಿಯೂ ಇಲ್ಲ, ಪಂಪೂ ಇಲ್ಲ. ಕ್ಲ್ಯಾಂಪ್ ಬ್ರಾಕೆಟ್ಟಿನ ಕೆಳಭಾಗದಲ್ಲಿ ಸಾಲಾಗಿ ನಾಲ್ಕೈದು ತೂತು, ಅದರಲ್ಲೊಂದಕ್ಕೆ ಅಡ್ಡಲಾಗಿ ತೂರಿಸಿದ ಒಂದು ಸರಳು, ಅದೇ ಪಿನ್. ಎಂಜಿನ್ನಿನ ಕಾಲು ಆ ಸರಳಿಗೆ ಒರಗಿ ನಿಲ್ಲುತ್ತದೆ. ಒಂದು ತೂತಿನಿಂದ ಇನ್ನೊಂದಕ್ಕೆ ಸುಮಾರು 4 ಡಿಗ್ರಿ ವ್ಯತ್ಯಾಸ. ಹೊಸ ಎಂಜಿನ್ ಕೂರಿಸುವಾಗ ಮೆಕ್ಯಾನಿಕ್ ಯಾವ ತೂತಿಗೆ ಹಾಕಿದನೋ ಅದೇ ತೂತಿನಲ್ಲಿ ಆ ಸರಳು ತುಕ್ಕು ಹಿಡಿಯುವವರೆಗೆ ಕೂತಿರುತ್ತದೆ. ಖರ್ಚಿಲ್ಲದೆ ಎಣ್ಣೆ ಉಳಿಸುವ ದಾರಿ ಇದ್ದರೆ ಅದು ಈ ಸರಳು.

ಯಾವ ತೂತು ಸರಿ ಎಂದು ಪುಸ್ತಕ ನೋಡಿ ಹೇಳಲಿಕ್ಕಾಗದು. ಹಿಂಬದಿ ಹಲಗೆಯ ಓರೆ ದೋಣಿಯಿಂದ ದೋಣಿಗೆ ಬೇರೆ. ಎಂಜಿನ್ ಕಂಪನಿಗಳು ಸಾಮಾನ್ಯವಾಗಿ 12 ಡಿಗ್ರಿ ಓರೆಯನ್ನು ಲೆಕ್ಕಕ್ಕೆ ಹಿಡಿಯುತ್ತವೆ, ನಮ್ಮ ಫೈಬರ್ ದೋಣಿಗಳೆಲ್ಲ ಆ ಅಳತೆಗೇ ಆಗಿರಬೇಕೆಂದಿಲ್ಲ. ಹಾಗಾಗಿ ಓಡಿಸಿಯೇ ನೋಡಬೇಕು.

ಮೊದಲು ಎಂಜಿನ್ನಿನ ಎತ್ತರ. ಫ್ಯಾನಿನ ಮೇಲೆ ಅಡ್ಡಕ್ಕಿರುವ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟಕ್ಕಿರಬೇಕು, ಇಲ್ಲವೇ ಅದಕ್ಕಿಂತ 25 ಮಿಲಿಮೀಟರ್ ಒಳಗಿನಷ್ಟು ಕೆಳಗಿರಬೇಕು. ತಟ್ಟೆ ಮೇಲಿದ್ದರೆ ಫ್ಯಾನ್ ಗಾಳಿ ಎಳೆಯುತ್ತದೆ. ತೀರಾ ಕೆಳಗಿದ್ದರೆ ಕಾಲೇ ನೀರನ್ನು ಉಳುತ್ತಾ ಹೋಗುತ್ತದೆ. ಎತ್ತರ ತಪ್ಪಿದ್ದರೆ ಪಿನ್ ಎಷ್ಟು ಬದಲಿಸಿದರೂ ಪ್ರಯೋಜನ ಇಲ್ಲ.

ಆಮೇಲೆ ದೋಣಿಗೆ ದಿನದ ಭಾರ ಹಾಕಿ: ಬಲೆ, ಐಸ್, ಎಣ್ಣೆ ಕ್ಯಾನ್, ಜನ. ಖಾಲಿ ದೋಣಿಯಲ್ಲಿ ಪರೀಕ್ಷೆ ಮಾಡಿದ್ದು ಬಲೆ ಹೇರಿದ ದಿನ ಲೆಕ್ಕಕ್ಕೆ ಬಾರದು. ಬೆಂಗ್ರೆಯ ಒಳಗಿನ ನದಿಪಾತ್ರದಂಥ, ಅಲೆ ಇಲ್ಲದ ನೇರ ಜಾಗ ಸಾಕು. ಹ್ಯಾಂಡಲನ್ನು ಒಂದು ಗುರುತಿಗೆ ತಿರುಗಿಸಿ ಹಿಡಿದು, ಫೋನಿನ ಜಿಪಿಎಸ್‌ನಲ್ಲಿ ವೇಗ ನೋಡಿ. ಅದೇ ದಾರಿಯಲ್ಲಿ ತಿರುಗಿ ಬಂದು ಮತ್ತೊಮ್ಮೆ ನೋಡಿ. ಉಬ್ಬರದ ಸೆಳೆತವೋ ಇಳಿತದ ಸೆಳೆತವೋ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ, ಆದ್ದರಿಂದ ಎರಡರ ಸರಾಸರಿಯೇ ಲೆಕ್ಕ. ಆಮೇಲೆ ಎಂಜಿನ್ ನಿಲ್ಲಿಸಿ, ಮೇಲೆತ್ತಿ, ಆಧಾರದ ಕೊಂಡಿಗೆ ಕೂರಿಸಿ, ಸರಳನ್ನು ಒಂದೇ ಒಂದು ತೂತು ಸರಿಸಿ. ಮೂತಿ ಆಕಾಶ ನೋಡುತ್ತಿದ್ದರೆ, ಹಿಂದಿನ ನೀರು ಕಾರಂಜಿಯ ಹಾಗೆ ಏಳುತ್ತಿದ್ದರೆ, ಹಲಗೆಗೆ ಹತ್ತಿರದ ತೂತಿಗೆ. ಮೂತಿ ನೀರು ಕುಡಿಯುವಂತೆ ತಗ್ಗಿ, ಮುಂಭಾಗದಲ್ಲೇ ನೀರು ಎರಚುತ್ತಿದ್ದರೆ, ಹಲಗೆಯಿಂದ ದೂರದ ತೂತಿಗೆ. ಅದೇ ಹ್ಯಾಂಡಲ್ ಗುರುತಿನಲ್ಲಿ ಹೆಚ್ಚು ವೇಗ ಕೊಡುವ ತೂತು ನಿಮ್ಮ ದೋಣಿಯದ್ದು. ಸರಿಯಾದ ತೂತಿನಲ್ಲಿ ಓಡುವಾಗ ಆ ಚಪ್ಪಟೆ ತಟ್ಟೆ ನೀರಿಗೆ ಸಮಾನಾಂತರವಾಗಿರುತ್ತದೆ.

ಒಂದು ಮಾತು: ಪಿನ್ ಬದಲಿಸುವ ಮೊದಲು ಭಾರವನ್ನು ಸರಿಸಿ ನೋಡಿ. ಎಣ್ಣೆ ಕ್ಯಾನ್, ಐಸ್ ಬಾಕ್ಸ್, ದೋಣಿ ನಡೆಸುವ ತಾಂಡೇಲ ಎಲ್ಲ ಹಿಂದೆಯೇ ಇದ್ದರೆ ಮೂತಿ ಏಳದೆ ಇನ್ನೇನಾದೀತು? ಕ್ಯಾನನ್ನು ನಾಲ್ಕಡಿ ಮುಂದಕ್ಕಿಟ್ಟರೆ ಎಷ್ಟೋ ಸಲ ಒಂದು ತೂತಿನ ಕೆಲಸ ಅಲ್ಲೇ ಮುಗಿಯುತ್ತದೆ.

ಭಾರದ ನಾಡದೋಣಿ 9.9ರಲ್ಲಿ ನೀರಿನ ಮೇಲೆ ಜಾರುವಷ್ಟು ವೇಗ ಪಡೆಯುವುದಿಲ್ಲ. ಅಲ್ಲಿ ಟ್ರಿಮ್‌ನಿಂದ ಪವಾಡ ನಿರೀಕ್ಷಿಸಬಾರದು, ಕೆಟ್ಟ ತೂತಿನಿಂದಾಗುವ ನಷ್ಟ ತಪ್ಪುತ್ತದೆ ಅಷ್ಟೆ. ಟ್ರಿಮ್ ನಿಜವಾಗಿ ಮಾತಾಡುವುದು 40 ಎಚ್‌ಪಿ, 60 ಎಚ್‌ಪಿ ಹಾಕಿದ ಹಗುರ ಬೋಟುಗಳಲ್ಲಿ.

ಪಿನ್ ಎಂಜಿನ್ನಿನಲ್ಲಿ ಇನ್ನೊಂದು ಭಾಗ ಉಂಟು, ರಿವರ್ಸ್ ಲಾಕ್. ರಿವರ್ಸ್ ಗೇರ್ ಹಾಕಿದಾಗ ಫ್ಯಾನಿನ ಎಳೆತಕ್ಕೆ ಎಂಜಿನ್ ನೀರಿನಿಂದ ಎದ್ದು ಬಾರದಂತೆ ಒಂದು ಕೊಕ್ಕೆ ಸರಳನ್ನು ಕಚ್ಚಿ ಹಿಡಿಯುತ್ತದೆ. ಕೊಕ್ಕೆ ಸವೆದರೆ, ಸ್ಪ್ರಿಂಗ್ ತುಕ್ಕು ತಿಂದರೆ, ದಕ್ಕೆಯ ಪಕ್ಕ ರಿವರ್ಸ್ ಕೊಟ್ಟ ಕೂಡಲೇ ಎಂಜಿನ್ ಮೇಲೆ ಹಾರುತ್ತದೆ. ಆಗ ಕೆಲವರು ಹಗ್ಗ ಕಟ್ಟಿ ಕೂರಿಸುತ್ತಾರೆ. ದಯವಿಟ್ಟು ಬೇಡ. ಮುಂದಕ್ಕೆ ಓಡುವಾಗ ಫ್ಯಾನ್ ಕಲ್ಲಿಗೋ ತೇಲುವ ಮರಕ್ಕೋ ಬಡಿದರೆ ಎಂಜಿನ್ ತಾನಾಗಿ ಎದ್ದು ಪಾರಾಗಬೇಕು. ಹಗ್ಗ ಕಟ್ಟಿದರೆ ಆ ಪೆಟ್ಟು ನೇರ ಗೇರ್ ಕೇಸಿಗೆ, ಇಲ್ಲವೇ ಹಿಂಬದಿ ಹಲಗೆಗೆ. ಲಾಕ್ ಸರಿಯಿದ್ದಾಗಲೂ ರಿವರ್ಸ್‌ನಲ್ಲಿ ಆ ರಕ್ಷಣೆ ಇರುವುದಿಲ್ಲ, ಅದಕ್ಕೇ ಹಿಂದಕ್ಕೆ ಹೋಗುವಾಗ ರೇಸ್ ಕಡಿಮೆ.

ಗುಂಡಿ ಇರುವ ಎಂಜಿನ್

ರಿಮೋಟ್ ಹ್ಯಾಂಡಲ್ಲಿನ ಹೆಬ್ಬೆರಳಿನ ಜಾಗದಲ್ಲಿ ಅಪ್, ಡೌನ್ ಎಂಬ ಗುಂಡಿ. ಅದರಂಥದ್ದೇ ಇನ್ನೊಂದು ಎಂಜಿನ್ನಿನ ಮುಚ್ಚಳದ ಕೆಳಗೆ ಬದಿಯಲ್ಲಿ, ನಿಂತ ದೋಣಿಯಲ್ಲಿ ಎತ್ತಿಳಿಸಲಿಕ್ಕೆ. ಓಡುವಾಗ ಈ ಬದಿಯ ಗುಂಡಿಗೆ ಕೈ ಚಾಚಬಾರದು, ಸಮತೋಲ ತಪ್ಪಿದರೆ ನೀರಿಗೆ.

ಹೊರಡುವಾಗ ಡೌನ್ ಒತ್ತಿ ಪೂರ್ತಿ ಒಳಕ್ಕೆ. ರೇಸ್ ಕೊಟ್ಟಾಗ ಮೂತಿ ಎದ್ದು, ಕೆಲವು ಸೆಕೆಂಡಿನಲ್ಲಿ ತಗ್ಗಿ, ಬೋಟು ನೀರಿನ ಮೇಲೆ ಜಾರಲು ಶುರುಮಾಡುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಎಂಜಿನ್ ಪೂರ್ತಿ ಒಳಗಿದ್ದಂತೆಯೇ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪದವರೆಗೂ ಹೋಗುತ್ತಾರೆ. ಮೂತಿ ನೀರನ್ನು ಉಳುತ್ತಿರುತ್ತದೆ, ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತಿರುತ್ತದೆ, ಮುಂದೆ ಕೂತವರೆಲ್ಲ ಒದ್ದೆ. ವೇಗ ಹೆಚ್ಚಿದ್ದಾಗ ಇದು ಅಪಾಯವೂ ಹೌದು. ಮೂತಿ ನೀರಿಗೆ ಕಚ್ಚಿ ಬೋಟು ಥಟ್ಟನೆ ಪಕ್ಕಕ್ಕೆ ತಿರುಗಿದರೆ ಒಳಗಿದ್ದವರು ಹೊರಗೆ.

ಜಾರಲು ಶುರುವಾದ ಕೂಡಲೇ ಅಪ್ ಗುಂಡಿಯನ್ನು ಅರ್ಧ ಸೆಕೆಂಡ್ ಒತ್ತಿ ಬಿಡಿ. ಎರಡು ಮೂರು ಸೆಕೆಂಡ್ ಕಾಯಿರಿ. ಮತ್ತೆ ಒತ್ತಿ. ಪ್ರತಿ ಒತ್ತಿಗೆ ಎಂಜಿನ್ನಿನ ಆರ್‌ಪಿಎಂ ತುಸು ಏರುತ್ತದೆ, ವೇಗವೂ ಏರುತ್ತದೆ. ಬೋಟಿನ ಬದಿಯಿಂದ ನೀರು ಚಿಮ್ಮುವ ಜಾಗ ನೋಡುತ್ತಿರಿ, ಅದು ಮುಂದಿನಿಂದ ಹಿಂದಕ್ಕೆ ಸರಿಯುತ್ತಾ ಬರುತ್ತದೆ. ಸ್ಟಿಯರಿಂಗ್ ಬೆರಳಿಗೆ ಹಗುರಾಗುತ್ತದೆ. ಒಂದು ಹಂತದಲ್ಲಿ ಆರ್‌ಪಿಎಂ ಏರಿದರೂ ವೇಗ ಏರುವುದಿಲ್ಲ, ಅಥವಾ ಮೂತಿ ಮೇಲೆ ಕೆಳಗೆ ಕುಣಿಯಲು ಶುರುಮಾಡುತ್ತದೆ. ಅಲ್ಲಿಂದ ಡೌನ್‌ಗೆ ಒಂದು ಒತ್ತು. ಆ ಕ್ಷಣದ ಭಾರಕ್ಕೆ, ಆ ಕ್ಷಣದ ಕಡಲಿಗೆ ಅದೇ ಸರಿಯಾದ ಟ್ರಿಮ್. ಇನ್ನಿಬ್ಬರು ಹತ್ತಿದರೆ ಮತ್ತೆ ನೋಡಬೇಕು. ಟ್ರಿಮ್ ಕೋನ ತೋರಿಸುವ ಗೇಜಿನ ಮುಳ್ಳು ಇಲ್ಲಿ ಸಹಾಯಕ ಮಾತ್ರ. ಅದರ ಸೆಂಡರ್ (ಕೋನ ಅಳೆಯುವ ಭಾಗ) ಉಪ್ಪುನೀರಿಗೆ ಬೇಗ ಕೆಡುತ್ತದೆ, ಆಮೇಲೆ ಹೇಳುವುದೆಲ್ಲ ಸುಳ್ಳು. ಜೋರಾಗಿ ತಿರುಗಿಸುವ ಮೊದಲು ಸ್ವಲ್ಪ ಡೌನ್ ಕೊಡಿ, ಇಲ್ಲದಿದ್ದರೆ ತಿರುವಿನಲ್ಲಿ ಫ್ಯಾನ್ ಗಾಳಿ ಎಳೆದು ಎಂಜಿನ್ ಕಿರುಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಹಾಗಾದರೆ ರೇಸ್ ಇಳಿಸಿ, ಡೌನ್ ಒತ್ತಿ, ಫ್ಯಾನ್ ಮತ್ತೆ ನೀರು ಹಿಡಿದ ಮೇಲೆ ನಿಧಾನ ಏರಿಸಿ.

ಟ್ರಿಮ್ ಸರಿಯಿದ್ದೂ ಸ್ಟಿಯರಿಂಗ್ ಎಳೆಯುತ್ತಿದ್ದರೆ ಆ ಚಪ್ಪಟೆ ತಟ್ಟೆಯ ಅಡಿಯಲ್ಲಿ ನೇತಾಡುವ ಸಣ್ಣ ರೆಕ್ಕೆ ನೋಡಿ. ಬೋಟು ಎಡಕ್ಕೆ ಎಳೆದರೆ ರೆಕ್ಕೆಯ ಹಿಂತುದಿಯನ್ನು ಎಡಕ್ಕೆ ತುಸು ತಿರುಗಿಸಿ ಬೋಲ್ಟ್ ಬಿಗಿಯಬೇಕು, ಬಲಕ್ಕೆ ಎಳೆದರೆ ಬಲಕ್ಕೆ. ಎಷ್ಟೋ ಎಂಜಿನ್‌ಗಳಲ್ಲಿ ಆ ರೆಕ್ಕೆಯೇ ಆನೋಡ್ (ಎಂಜಿನ್ನಿನ ಬದಲು ತಾನು ಸವೆಯುವ ಲೋಹದ ತುಂಡು) ಕೂಡ, ಆದ್ದರಿಂದ ಅದಕ್ಕೆ ಬಣ್ಣ ಬಳಿಯಬಾರದು. ಬಳಿದರೆ ತುಕ್ಕು ಅದನ್ನು ಬಿಟ್ಟು ಎಂಜಿನನ್ನು ತಿನ್ನುತ್ತದೆ.

ಅಳಿವೆಯಲ್ಲಿ

ಅಳಿವೆ ಬಾಗಿಲಿನಿಂದ ಹೊರಗೆ ಹೋಗುವಾಗ ಅಲೆ ಎದುರಿಗೆ. ಮೂತಿ ತುಸು ತಗ್ಗಿರಲಿ, ಅಂದರೆ ಟ್ರಿಮ್ ಒಳಕ್ಕೆ. ಹೊರಚಾಚಿದ್ದರೆ ಅಲೆಯ ನೆತ್ತಿಯಲ್ಲಿ ಮೂತಿ ಎದ್ದು, ಗಾಳಿಯೂ ಸೇರಿ, ದೋಣಿ ಹಿಂದಕ್ಕೆ ಒರಗಿದಂತಾಗುತ್ತದೆ. ಪೂರ್ತಿ ಒಳಕ್ಕೂ ಬೇಡ, ಅಲೆಯ ಹೊಟ್ಟೆಗೆ ಮೂತಿ ಹೊಕ್ಕರೆ ನೀರೆಲ್ಲ ಒಳಗೆ.

ಒಳಗೆ ಬರುವಾಗ ಲೆಕ್ಕ ತಿರುವುಮುರುವು. ಅಲೆ ಹಿಂದಿನಿಂದ ಎತ್ತುತ್ತದೆ, ದೋಣಿ ಇಳಿಜಾರಿನಲ್ಲಿ ಓಡಿದಂತೆ ಓಡಿ ಮುಂದಿನ ಅಲೆಗೆ ಮೂತಿ ಚುಚ್ಚುತ್ತದೆ, ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ, ಅಡ್ಡ ಬಿದ್ದ ದೋಣಿಯನ್ನು ಮೂರನೇ ಅಲೆ ಮಗುಚುತ್ತದೆ. ಇಲ್ಲಿ ಟ್ರಿಮ್ ಸ್ವಲ್ಪ ಹೊರಕ್ಕೆ ಇಟ್ಟು ಮೂತಿ ಎತ್ತಿರಬೇಕು. ಈ ಬದಲಾವಣೆಯನ್ನು ಅಳಿವೆಯ ಹೊರಗೆ, ಅಲೆ ಒಡೆಯುವ ಜಾಗಕ್ಕೆ ಬರುವ ಮೊದಲೇ ಮಾಡಿ ಮುಗಿಸಿ. ಒಳಗೆ ಬಂದ ಮೇಲೆ ಕಣ್ಣು ಅಲೆಯ ಮೇಲೆ, ಕೈ ರೇಸ್ ಮೇಲೆ. ಪಿನ್ ಎಂಜಿನ್‌ನವರಿಗೆ ಈ ಸೌಕರ್ಯ ಇಲ್ಲ, ಅವರು ಜನರನ್ನೂ ಭಾರವನ್ನೂ ಹಿಂದಕ್ಕೆ ಸರಿಸಬೇಕು. ಮೀನುಗಾರಿಕೆ ನಿಷೇಧದ ಜೂನ್, ಜುಲೈ ತಿಂಗಳಲ್ಲಿ ಕಡಲಿಗಿಳಿಯುವುದು ಇದೇ ಸಣ್ಣ ಎಂಜಿನ್ನಿನ ನಾಡದೋಣಿಗಳು, ಅಳಿವೆ ಕೆಟ್ಟಿರುವುದೂ ಆಗಲೇ.

ಹೊಯಿಗೆ ದಿಬ್ಬ ದಾಟುವಾಗ, ಕೋಡಿಬೆಂಗ್ರೆಯಂಥ ಕಡೆ ಇಳಿತದ ಹೊತ್ತಿನಲ್ಲಿ, ಎಂಜಿನನ್ನು ಟ್ರಿಮ್ ಮಿತಿಗಿಂತ ಮೇಲೆ ಎತ್ತಿ ನಿಧಾನ ಓಡಿಸಬಹುದು. ಷರತ್ತು ಎರಡು. ಆರ್‌ಪಿಎಂ 2000 ಮೀರಬಾರದು, ಏಕೆಂದರೆ ಆ ಎತ್ತರದಲ್ಲಿ, ಟ್ರಿಮ್ ಕೋನದಲ್ಲಿ ಎಂಜಿನ್ನಿಗೆ ಒರಗು ಕೊಡುವ ಟ್ರಿಮ್ ರಾಡ್‌ಗಳ ಆಸರೆ ಇರುವುದಿಲ್ಲ, ತಳ್ಳುವಿಕೆಯೆಲ್ಲ ಟಿಲ್ಟ್ ಸಿಲಿಂಡರ್ ಮೇಲೆಯೇ ಬೀಳುತ್ತದೆ. ಮತ್ತೆ, ಗೇರ್ ಕೇಸಿನ ಬದಿಯಲ್ಲಿರುವ ನೀರಿನ ಜಾಲರಿ ಮುಳುಗಿಯೇ ಇರಬೇಕು. ಎಂಜಿನ್ ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತಲೇ ಇರಬೇಕು. ನಿಂತರೆ ಕೂಡಲೇ ಎಂಜಿನ್ ಬಂದ್ ಮಾಡಿ. ಎಂಜಿನ್ ತಂಪಾಗಿಸುವ ನೀರನ್ನು ಎಳೆಯುವ ರಬ್ಬರ್ ಇಂಪೆಲ್ಲರ್ ನೀರಿಲ್ಲದೆ ತಿರುಗಿದರೆ ಬಹಳ ಬೇಗ ಸುಡುತ್ತದೆ.

ಎತ್ತಿ ನಿಲ್ಲಿಸುವಾಗ

ನೀರಿನಲ್ಲೇ ಕಟ್ಟಿದ ಬೋಟಿನಲ್ಲಿ ಎಂಜಿನ್ನಿನ ಕಾಲು ಮುಳುಗಿರಬಾರದು, ಕೆಲವೇ ವಾರದಲ್ಲಿ ಅದರ ಮೇಲೆ ಚಿಪ್ಪು ಬೆಳೆಯುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಎತ್ತುವ ಮೊದಲು ಎಣ್ಣೆಯ ಕಾಕ್ ಮುಚ್ಚಿ ಅಥವಾ ಹೋಸ್ ಕಳಚಿ. ಓರೆಯಲ್ಲಿ ನಿಂತ ಕಾರ್ಬ್ಯುರೇಟರ್‌ನಿಂದ ಎಣ್ಣೆ ತೊಟ್ಟಿಕ್ಕಿ ಮುಚ್ಚಳದೊಳಗೆ ತುಂಬುತ್ತದೆ, ಮರುದಿನ ಬೆಳಿಗ್ಗೆ ಒಂದು ಕಿಡಿ ಸಾಕು.

ಪೂರ್ತಿ ಎತ್ತಿ, ಆಧಾರದ ಲಿವರ್ ಹಾಕಿ, ಆಮೇಲೆ ಡೌನ್ ಒತ್ತಿ ಎಂಜಿನನ್ನು ಲಿವರ್ ಮೇಲೆ ಕೂರಿಸಿ. ಟ್ರಿಮ್ ರಾಡ್ ಬೇರೆಯಾಗಿರುವ ಮಾದರಿಗಳಲ್ಲಿ ಆ ರಾಡ್‌ಗಳು ಪೂರ್ತಿ ಒಳಗೆ ಹೋಗುವವರೆಗೂ ಒತ್ತಿರಿ. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಜಾಸ್ತಿ. ಹೊರಗುಳಿದ ರಾಡಿನ ಹೊಳಪಿನ ಮೇಲೆ ಉಪ್ಪು ಕೂತು ಸಣ್ಣ ಸಣ್ಣ ಗುಳಿ ಬೀಳುತ್ತದೆ, ಮುಂದೆ ರಾಡ್ ಒಳಗೆ ಹೊರಗೆ ಹೋಗುವಾಗ ಆ ಗುಳಿ ಅರದಂತೆ ಸೀಲನ್ನು ಕೊರೆಯುತ್ತದೆ. ಟ್ರೇಲರಿನಲ್ಲಿ ಸಾಗಿಸುವಾಗ ಮಾತ್ರ ಆ ಲಿವರನ್ನು ನಂಬಬೇಡಿ, ರಸ್ತೆಯ ಗುಂಡಿಗೆ ಅದು ಕಳಚಿಕೊಳ್ಳಬಹುದು. ರಿಪೇರಿಗೆಂದು ಎತ್ತಿದ ಎಂಜಿನ್ ಅಡಿಗೆ ತಲೆಯೋ ಕೈಯೋ ಹಾಕುವ ಮೊದಲು ಮರದ ತುಂಡು ಕೊಟ್ಟು ಹಗ್ಗದಲ್ಲಿ ಬಿಗಿಯಿರಿ.

ಬ್ರಾಕೆಟ್ಟಿನ ಗ್ರೀಸ್ ನಿಪ್ಪಲ್‌ಗಳಿಗೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಮರೈನ್ ಗ್ರೀಸ್. ನಮ್ಮ ಉಪ್ಪುಗಾಳಿಗೆ ಇದಕ್ಕಿಂತ ಬೇಗ ಹೊಡೆದರೂ ನಷ್ಟವಿಲ್ಲ. ಆನೋಡ್ ಅರ್ಧ ಸವೆದರೆ ಬದಲಿಸಿ.

ಕೆಟ್ಟಾಗ

ಪವರ್ ಟಿಲ್ಟ್ ಅಂದರೆ ಎರಡೂ ಕಡೆ ತಿರುಗುವ ಒಂದು 12 ವೋಲ್ಟ್ ಮೋಟಾರ್, ಅದರಿಂದ ತಿರುಗುವ ಗೇರ್ ಪಂಪ್, ಸ್ವಲ್ಪ ಹೈಡ್ರಾಲಿಕ್ ಎಣ್ಣೆ, ಸಿಲಿಂಡರ್‌ಗಳು, ಅಪ್‌ಗೊಂದು ಡೌನ್‌ಗೊಂದು ರಿಲೇ. ಕೆಟ್ಟರೆ ಮೊದಲು ಕಿವಿ ಕೊಡಿ.

ಗುಂಡಿ ಒತ್ತಿದಾಗ ಟಿಕ್ ಸದ್ದೂ ಇಲ್ಲದಿದ್ದರೆ ಫ್ಯೂಸ್, ಗುಂಡಿ, ಅದರ ವೈರು. ಟಿಕ್ ಅನ್ನುತ್ತದೆ, ಮೋಟಾರ್ ತಿರುಗುವುದಿಲ್ಲ ಅಂದರೆ ಬ್ಯಾಟರಿ, ಹಸಿರು ಹಿಡಿದ ಕನೆಕ್ಟರ್, ಅರ್ತಿಂಗ್, ರಿಲೇಯೊಳಗಿನ ಸುಟ್ಟ ಕಾಂಟ್ಯಾಕ್ಟ್, ಕೊನೆಗೆ ಮೋಟಾರಿನ ಸವೆದ ಕಾರ್ಬನ್. ವಿಶ್ರಾಂತಿಯಲ್ಲಿ 12.4 ವೋಲ್ಟಿಗಿಂತ ಕಡಿಮೆ ತೋರಿಸುವ ಬ್ಯಾಟರಿಯನ್ನು ಚಾರ್ಜ್ ಮಾಡದೆ ಮುಂದಿನದ್ದನ್ನು ಬಿಚ್ಚಬೇಡಿ. ಒಂದೇ ದಿಕ್ಕಿಗೆ ಕೆಲಸ ಮಾಡಿದರೆ ಎರಡು ರಿಲೇಗಳನ್ನು ಅದಲುಬದಲು ಮಾಡಿ. ತೊಂದರೆ ಇನ್ನೊಂದು ದಿಕ್ಕಿಗೆ ಹೋದರೆ ರಿಲೇ ಸತ್ತಿದೆ. ಗುಂಡಿ ಒತ್ತದೆ ತಾನಾಗಿಯೇ ಏಳಲು ಶುರುಮಾಡಿದರೆ ಗುಂಡಿಯೊಳಗೆ ನೀರು ಹೋಗಿದೆ ಎಂದೇ ತಿಳಿಯಿರಿ, ಮೊದಲು ಬ್ಯಾಟರಿ ಕಳಚಿ.

ಮೋಟಾರ್ ತಿರುಗುವ ಸದ್ದಿದೆ, ಎಂಜಿನ್ ಅಲುಗುವುದಿಲ್ಲ ಎಂದರೆ ಬ್ರಾಕೆಟ್ಟಿನ ಬದಿಯ ಮ್ಯಾನುಯಲ್ ವಾಲ್ವ್ ನೋಡಿ. ಅಗಲ ಸೀಳಿನ ಸ್ಕ್ರೂ ಅದು. ಕರೆಂಟಿಲ್ಲದಾಗ ಅದನ್ನು ಅಪ್ರದಕ್ಷಿಣವಾಗಿ ಸಡಿಲಿಸಿ ಎಂಜಿನನ್ನು ಕೈಯಿಂದ ಎತ್ತಿಳಿಸಬಹುದು. ಆಮೇಲೆ ಬಿಗಿಯುವುದು ಮರೆತುಹೋಗಿರುತ್ತದೆ! ಅದು ಸಡಿಲವಿದ್ದರೆ ರಿವರ್ಸ್‌ನಲ್ಲೂ ಎಂಜಿನ್ ಎದ್ದು ಬರುತ್ತದೆ. ವಾಲ್ವ್ ಬಿಗಿಯಿದ್ದರೆ ಹೈಡ್ರಾಲಿಕ್ ಎಣ್ಣೆ ಕಡಿಮೆ.

ಎಣ್ಣೆ ನೋಡುವ ಕ್ರಮ: ಎಂಜಿನ್ ಪೂರ್ತಿ ಮೇಲೆ, ಲಿವರ್ ಹಾಕಿ, ಆಮೇಲೆ ಮಾತ್ರ ಪ್ಲಗ್ ಬಿಚ್ಚಿ. ಕೆಳಗಿದ್ದಾಗ ಬಿಚ್ಚಿದರೆ ಒತ್ತಡಕ್ಕೆ ಎಣ್ಣೆ ಮುಖಕ್ಕೇ ಹಾರುತ್ತದೆ. ಎಣ್ಣೆ ತೂತಿನ ಕೆಳ ಅಂಚಿಗೆ ಇರಬೇಕು. ಎಂಜಿನ್ ಪುಸ್ತಕ ಹೇಳಿದ್ದನ್ನೇ ಹಾಕಿ. ಯಮಹಾದಲ್ಲಿ ಅದು ಡೆಕ್ಸ್‌ರಾನ್ 2 ದರ್ಜೆಯ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ). ಬ್ರೇಕ್ ಆಯಿಲ್ ಹಾಕಿದರೆ ಸೀಲ್‌ಗಳು ಹಾಳು. ತುಂಬಿಸಿದ ಮೇಲೆ ಪ್ಲಗ್ ಬಿಗಿದು, ನಾಲ್ಕೈದು ಸಲ ಪೂರ್ತಿ ಮೇಲೆ ಕೆಳಗೆ ಮಾಡಿದರೆ ಗಾಳಿ ಹೋಗುತ್ತದೆ, ಆಮೇಲೆ ಮಟ್ಟ ಮತ್ತೆ ನೋಡಿ. ತುದಿ ಮುಟ್ಟಿ ಪಂಪಿನ ಸದ್ದು ಬದಲಾದ ಕೂಡಲೇ ಗುಂಡಿ ಬಿಡಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬರೀ ಎಣ್ಣೆ ಬದಲಿಸಿದರೆ ಮತ್ತೆ ಹಾಗೇ ಆಗುತ್ತದೆ, ಸೀಲ್ ಕಿಟ್ ಹಾಕಿಸಲೇಬೇಕು.

ಪಂಪಿನ ಮೋಟಾರ್ ಇರುವುದು ಬ್ರಾಕೆಟ್ಟಿನ ಕೆಳಗೆ, ಉಪ್ಪುನೀರು ಸದಾ ಎರಚುವ ಜಾಗದಲ್ಲಿ. ಅದರ ಕಬ್ಬಿಣದ ಕವಚದ ಬಣ್ಣ ಎದ್ದರೆ ತುಕ್ಕು ತೂತು ಮಾಡಿ ನೀರು ಒಳಹೋಗುತ್ತದೆ. ದಿನಾ ಸಿಹಿನೀರಿನಲ್ಲಿ ತೊಳೆಯುವಾಗ ಮೇಲಿನ ಮುಚ್ಚಳಕ್ಕಿಂತ ಹೆಚ್ಚು ನೀರು ಇದಕ್ಕೆ ಹೊಯ್ಯಿರಿ, ಬಣ್ಣ ಎದ್ದ ಜಾಗ ಕಂಡರೆ ಉಜ್ಜಿ ಪ್ರೈಮರ್ ಹಾಕಿ ಬಳಿಯಿರಿ.

ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳುವವರು ಮೊದಲು ಈ ಕವಚ ನೋಡಲಿ, ಆಮೇಲೆ ರಾಡಿನ ಮೇಲೆ ಉಗುರು ಆಡಿಸಿ ಗುಳಿ ಹುಡುಕಲಿ. ಎಂಜಿನನ್ನು ಅರ್ಧಕ್ಕೆ ಎತ್ತಿ, ಲಿವರ್ ಹಾಕದೆ, ಬ್ರಾಕೆಟ್ ಮೇಲೆ ಚಾಕ್‌ನಲ್ಲಿ ಒಂದು ಗೆರೆ ಎಳೆದು ರಾತ್ರಿಯಿಡೀ ಹಾಗೇ ಬಿಡಲು ಕೇಳಿ, ಅಡಿಗೆ ಯಾರೂ ಹೋಗದಂತೆ ನೋಡಿಕೊಂಡು. ಬೆಳಿಗ್ಗೆ ಎಂಜಿನ್ ಗೆರೆಗಿಂತ ಕೆಳಗಿಳಿದಿದ್ದರೆ ಮ್ಯಾನುಯಲ್ ವಾಲ್ವನ್ನು ಬಿಗಿದು ಇನ್ನೊಂದು ರಾತ್ರಿ ನೋಡಿ. ಮತ್ತೂ ಇಳಿದರೆ ಸೀಲ್ ಕಿಟ್ ಮತ್ತು ಕೂಲಿಯ ಖರ್ಚು ಕಳೆದು ಬೆಲೆ ಮಾತಾಡಿ.